ನನ್ನಪ್ಪ ನರಕಕ್ಕೆ ಹೋದ ಅಂದವರಿಗೆ

ಎರಡು ಕಡೆಯವರೂ ಕೇಳಿಸಿಕೊಳ್ಳಿ.

ಭಾನುವಾರ ಬೆಳಿಗ್ಗೆ ನಮ್ಮ ಪ್ರಾರ್ಥನೆ ಮನೆಯ ಮುಂದೆ ಮೊಬೈಲ್ ಎತ್ತಿ ಹಿಡಿದು ನಿಲ್ಲುವ ಹುಡುಗರೇ, ನಿಮಗೂ ಹೇಳುತ್ತಿದ್ದೇನೆ. ಅದೇ ಮನೆಯೊಳಗೆ ಮೈಕು ಹಿಡಿದು, ಹೊರಗಿರುವ ಊರೆಲ್ಲ ನರಕದ ಬೆಂಕಿಗೆ ಸೌದೆ ಎಂದು ಕಿರುಚುವ ದೇವಸೇವಕರೇ, ನಿಮಗೂ. ಒಬ್ಬರು ನಮ್ಮಮ್ಮನನ್ನು ಕದ್ದ ಮಾಲು ಅಂದಿರಿ. ಇನ್ನೊಬ್ಬರು ಗೆದ್ದ ಮಾಲು ಅಂದಿರಿ. ಅವಳು ಮನುಷ್ಯಳು ಅಂತ ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನಾನು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಸೀಮೆಯ ಧೂಳು ತಿಂದು ಬೆಳೆದವನು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಯಾರ ಬಾಗಿಲಿಗೆ ಯಾರು ಬಂದು ನಿಲ್ಲುತ್ತಾರೆ ಎನ್ನುವುದು ಗೊತ್ತಿದೆ. ಪಡುವಲಕ್ಕೆ ತಿರುಗಿದರೆ ಬಾಬಾಬುಡನ್‌ಗಿರಿಯ ಸಾಲು ಕಾಣುತ್ತದೆ. ಬಾಬನೂ ದತ್ತನೂ ಒಂದೇ ಗುಹೆಯಲ್ಲಿದ್ದ ಬೆಟ್ಟವನ್ನೂ ಕಾದಾಟದ ಕಣ ಮಾಡಿದ ಜಿಲ್ಲೆ ನಮ್ಮದು. ತರೀಕೆರೆ ಕಡೆ ಅಡಿಕೆ ತೋಟ, ಕಡೂರಿನ ಕಡೆ ತೆಂಗು ರಾಗಿ, ಅಜ್ಜಂಪುರದ ಕಡೆ ಈರುಳ್ಳಿ ಹೊಲ. ಯಾವ ಬೆಳೆಯಾದರೂ ನಮ್ಮ ಕೇರಿಗೆ ಸಿಗುವುದು ಕೂಲಿ. ಮಳೆ ಕೈಕೊಟ್ಟ ವರ್ಷ ಘಟ್ಟಕ್ಕೆ ಹೋಗಿ ಕಾಫಿ ತೋಟದ ಲೈನು ಮನೆಯಲ್ಲಿ ಹೊಗೆ ಕುಡಿದು ಮಲಗುವುದು. ಅಜ್ಜಂಪುರದ ಸುತ್ತ ಅಮೃತಮಹಲ್ ಕಾವಲುಗಳಿವೆ. ಅರಸರ ಕಾಲದಿಂದ ದನಗಳ ಮೇವಿಗೆಂದು ಮೀಸಲಿಟ್ಟ ಸಾವಿರಾರು ಎಕರೆ. ದನಕ್ಕೆ ಅಷ್ಟು ನೆಲ ಬಿಟ್ಟ ಈ ಸೀಮೆ ನಮ್ಮ ಹೆಣಕ್ಕೆ ಆರಡಿ ಬಿಡಲಿಲ್ಲ.

ಅದನ್ನು ಆಮೇಲೆ ಹೇಳುತ್ತೇನೆ.

ಇದೆಲ್ಲ ಅಜ್ಜನ ಕಾಲದ ಕಥೆ, ಈಗ ಎಲ್ಲಿದೆ ಜಾತಿ ಅನ್ನುವವರು ಗೇರುಮರಡಿಯನ್ನು ನೆನಪಿಸಿಕೊಳ್ಳಿ. ತರೀಕೆರೆ ತಾಲ್ಲೂಕು, 2024ರ ಜನವರಿ. ಜೆಸಿಬಿ ಜೊತೆ ಕೆಲಸಕ್ಕೆ ಬಂದ ದಲಿತ ಹುಡುಗ ಗೊಲ್ಲರಹಟ್ಟಿಯೊಳಗೆ ಕಾಲಿಟ್ಟ ಅಂತ ಹೊಡೆದರು. ಹಟ್ಟಿಯ ನೆಲ ಅಗೆಯಲು ಅವನ ಕೈ ಬೇಕು, ಹಟ್ಟಿಯ ನೆಲದ ಮೇಲೆ ಅವನ ಕಾಲು ಬೇಡ. ಕೊನೆಗೆ ದಲಿತ ಸಂಘಟನೆಗಳು ಪೊಲೀಸರ ಕಾವಲಿನಲ್ಲಿ ಹಟ್ಟಿಯೊಳಗೆ, ದೇವಸ್ಥಾನದೊಳಗೆ ಹೋಗಬೇಕಾಯಿತು. ತರೀಕೆರೆ ದಾಟಿದರೆ ಭದ್ರಾವತಿ, ಪ್ರೊ. ಬಿ. ಕೃಷ್ಣಪ್ಪ ಮೇಷ್ಟ್ರಾಗಿದ್ದ ಊರು, ದಲಿತ ಸಂಘರ್ಷ ಸಮಿತಿ ಕಣ್ಣುಬಿಟ್ಟ ಊರು. ಅಲ್ಲಿ ಆ ಕೂಗು ಎದ್ದು ಐವತ್ತು ವರ್ಷವಾಗುತ್ತಾ ಬಂದರೂ ಪಕ್ಕದ ತಾಲ್ಲೂಕಿನಲ್ಲಿ ಒಬ್ಬ ಹುಡುಗನ ಹೆಜ್ಜೆಗೆ ಪೊಲೀಸ್ ಕಾವಲು ಬೇಕು.

ಇಂಥ ನೆಲದಲ್ಲಿ ಕರುಣೆ ಅಂದರೆ ಏನು ಅಂತ ನನಗೆ ಉಪದೇಶ ಮಾಡಬೇಡಿ. ನಾನು ನೋಡಿದ್ದೇನೆ.

ಅಮ್ಮನಿಗೆ ಟಿ.ಬಿ. ಆಗಿತ್ತು. ಅಡಿಕೆ ಸುಲಿಯುವ ಮನೆಯಲ್ಲಿ ರಾತ್ರಿಯೆಲ್ಲ ಕೂತು ಮೆಟ್ಟುಗತ್ತಿಯ ಮುಂದೆ ಕೆಮ್ಮುತ್ತಿದ್ದಳು. ಕೆಮ್ಮಿನಲ್ಲಿ ರಕ್ತ ಬಂದ ದಿನ ತೋಟದವರು ನಾಳೆಯಿಂದ ಬರಬೇಡ ಅಂದರು. ನಮ್ಮ ಕೇರಿಯವರೂ ಹತ್ತಿರ ಬರಲಿಲ್ಲ. ಭಯ, ಅವರದ್ದೂ ತಪ್ಪಲ್ಲ. ಬಂದವರು ಒಬ್ಬ ಹೆಂಗಸು. ಪಾಸ್ಟರಮ್ಮ ಅಂತಲೇ ಎಲ್ಲರೂ ಕರೆಯುತ್ತಿದ್ದರು. ಸವೆದ ಹವಾಯಿ ಚಪ್ಪಲಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅಮ್ಮ ಉಗುಳುತ್ತಿದ್ದ ಬೂದಿ ತುಂಬಿದ ಚಿಪ್ಪನ್ನು ಆಕೆ ಎತ್ತಿಕೊಂಡು ಹೋಗಿ ಗುಂಡಿ ತೋಡಿ ಹೂಳಿ ಬಂದರು. ಬಿಸಿನೀರು ಕಾಯಿಸಿ ಅಮ್ಮನ ತಲೆಗೆ ನೀರು ಹಾಕಿದರು. ಬೀರೂರಿಗೆ, ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ತಮ್ಮ ತೊಡೆಯ ಮೇಲೆ ಮಲಗಿಸಿಕೊಂಡು ಕರೆದುಕೊಂಡು ಹೋದರು. ಆರು ತಿಂಗಳ ಮಾತ್ರೆ ಒಂದು ದಿನವೂ ತಪ್ಪದ ಹಾಗೆ ನೋಡಿಕೊಂಡರು. ಅಷ್ಟು ದಿನದಲ್ಲಿ ಒಂದು ಸಲವಾದರೂ ಆಕೆ ಯೇಸಪ್ಪನನ್ನು ನಂಬು ಅಂದಿದ್ದು ನನಗೆ ನೆನಪಿಲ್ಲ. ಅಮ್ಮನೇ ಕೇಳಿದಳು: "ಯಾಕಮ್ಮಾ, ನನ್ನ ಹೇಲು ಉಚ್ಚೆ ಬಳೀತೀಯಲ್ಲ, ನಾನು ನಿನಗೆ ಏನಾಗಬೇಕು?"

"ಯೇಸಪ್ಪ ನನ್ನದನ್ನ ಬಳಿದವ್ನೆ ಕಣವ್ವಾ" ಅಂದರು ಪಾಸ್ಟರಮ್ಮ. ಅಷ್ಟೇ. ಮತ್ತೆ ಕೆಲಸ.

ಅಮ್ಮ ಹುಷಾರಾದಳು. ಎಷ್ಟೋ ವರ್ಷ ಆದ ಮೇಲೆ ತಾನಾಗಿಯೇ ಒಂದು ಭಾನುವಾರ ಸೆರಗು ಹೊದ್ದು ಹೊರಟಳು. ಅಪ್ಪ ಹೋಗಲಿಲ್ಲ. ಅಪ್ಪ ಮಾರಮ್ಮನ ಜಾತ್ರೆಗೆ ತಮಟೆ ಬಡಿಯುವವನು, ಅವನಪ್ಪನೂ ಬಡಿದಿದ್ದ. "ನಿನ್ ಯೇಸಪ್ಪ ನಿನಗೆ, ನನ್ ಅವ್ವ ನನಗೆ" ಅಂದ. ಪಾಸ್ಟರಮ್ಮ ಬಂದಾಗಲೆಲ್ಲ ಅಪ್ಪನೇ ಎದ್ದು ಚಾಪೆ ಹಾಸುತ್ತಿದ್ದ. ಆಕೆ ಅಪ್ಪನ ಕೈಯ ಮುದ್ದೆ ಉಂಡು, ತಮಟೆಗೆ ಹೊಸ ಚರ್ಮ ಹಾಕಿಸಿದ್ದೀಯಾ ಅಂತ ವಿಚಾರಿಸಿ ಹೋಗುತ್ತಿದ್ದರು. ಒಂದೇ ಸೂರಿನಡಿ ಮಾರಮ್ಮನ ಪಟವೂ ಇತ್ತು, ಶಿಲುಬೆಯೂ ಇತ್ತು. ಯಾರ ದೇವರಿಗೂ ಅದರಿಂದ ಕಡಿಮೆಯಾಗಲಿಲ್ಲ.

2008ರ ಸೆಪ್ಟೆಂಬರ್ ಬಂತು. ಮಂಗಳೂರಿನಲ್ಲಿ ಶುರುವಾದ ಪ್ರಾರ್ಥನಾ ಮಂದಿರಗಳ ಮೇಲಿನ ದಾಳಿ ಉಡುಪಿಗೆ, ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಹಬ್ಬಿತು. ಸರ್ಕಾರ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಅವರ ಆಯೋಗ ಮಾಡಿತು, ಅದರ ವರದಿ ಬಂದಿದ್ದು 2011ರಲ್ಲಿ. ನಮ್ಮ ಕೇರಿಗೆ ಆಯೋಗ ಬರಲಿಲ್ಲ, ಸುದ್ದಿ ಮಾತ್ರ ಬಂತು: ಬೈಕುಗಳು ಬರುತ್ತಿವೆಯಂತೆ. ಆ ರಾತ್ರಿ ಅಮ್ಮನನ್ನು ತನ್ನ ಮನೆಯ ಅಟ್ಟದ ಮೇಲೆ ಮಲಗಿಸಿಕೊಂಡವಳು ನಮ್ಮ ದೊಡ್ಡಮ್ಮ. ಹಣೆ ತುಂಬ ಕುಂಕುಮ, ಮೈಮೇಲೆ ಮಾರಮ್ಮ ಬರುತ್ತಿದ್ದ ಹೆಂಗಸು. ಅಮ್ಮನ ಬೈಬಲ್ಲನ್ನು ಬಟ್ಟೆಯಲ್ಲಿ ಸುತ್ತಿ ರಾಗಿ ವಾಡೆಯೊಳಗೆ ಇಳಿಬಿಟ್ಟಳು. "ಬರ್ಲಿ ನನ್ ಗಂಡಂದ್ರು, ನನ್ನ ದಾಟಿ ಹೋಗ್ಲಿ" ಅಂತ ಕುಡುಗೋಲು ಹಿಡಿದು ಬಾಗಿಲಲ್ಲಿ ಕೂತಳು.

ಆ ದೊಡ್ಡಮ್ಮ ಯುಗಾದಿಗೆ ಕಳಿಸಿದ ಹೋಳಿಗೆಯನ್ನು ತಿಪ್ಪೆಗೆ ಎಸೆಯಿರಿ ಅಂತ ನೀವು ಹೇಳಿದಿರಿ.

ಹೌದು, ದೇವಸೇವಕರೇ, ನೀವು. ಪಾಸ್ಟರಮ್ಮನ ಗಂಡ ತೀರಿಕೊಂಡು, ಆಕೆಯನ್ನು ಬೇರೆ ಕಡೆ ಕಳಿಸಿ, ಬೆಂಗಳೂರಿನಿಂದ ಬಂದ ಹೊಸಬರು. ವಿಗ್ರಹಕ್ಕೆ ತೋರಿಸಿದ ಎಡೆ ಅದು, ಮುಟ್ಟಿದರೆ ಸೈತಾನ ಮನೆಗೆ ಬರುತ್ತಾನೆ ಅಂದಿರಿ. ಅನ್ಯರ ಮದುವೆ ಊಟಕ್ಕೆ ಕೂರಬೇಡಿ, ಅವರ ತಿಥಿಗೆ ಹೋಗಬೇಡಿ, ಅವರ ಮಕ್ಕಳ ಜೊತೆ ನಿಮ್ಮ ಮಕ್ಕಳನ್ನು ಜಾತ್ರೆಗೆ ಬಿಡಬೇಡಿ. ತಟ್ಟೆ ಬೇರೆ, ಲೋಟ ಬೇರೆ ಎನ್ನುವ ಪಾಠ ನಮ್ಮ ಕೇರಿಗೆ ಹೊಸದಲ್ಲ. ಮೇಲುಕೇರಿಯ ಹೋಟೆಲಿನಲ್ಲಿ ಗೋಡೆಯ ಗೂಡಿನಲ್ಲಿಟ್ಟ ಲೋಟದಲ್ಲಿ ಕಾಫಿ ಕುಡಿದು, ತೊಳೆದಿಟ್ಟು ಬಂದ ಜನ ನಾವು. ಆ ಲೋಟವನ್ನು ನಮ್ಮ ಕೈಗೆ ಕೊಟ್ಟು, ಈಗ ನಿಮ್ಮ ದೊಡ್ಡಮ್ಮನಿಗೆ ಇದರಲ್ಲಿ ಕೊಡಿ ಅಂದವರು ನೀವು. ಅಸ್ಪೃಶ್ಯತೆಯನ್ನು ಯೇಸುವಿನ ಹೆಸರಿನಲ್ಲಿ ಕಲಿಸಲು ನಿಮಗೆ ಎದೆ ಹೇಗೆ ಬಂತು?

ಸಿಖಾರಿನ ಬಾವಿಕಟ್ಟೆಯಲ್ಲಿ ಸಮಾರ್ಯದ ಹೆಂಗಸಿನ ಹತ್ತಿರ ಕುಡಿಯಲು ನೀರು ಕೇಳಿದವನು ಯಾರು? ಯೆಹೂದ್ಯರು ಸಮಾರ್ಯದವರ ಪಾತ್ರೆ ಮುಟ್ಟದ ಕಾಲ ಅದು. ಆತ ಮೊದಲು ಬೋಧನೆ ಮಾಡಲಿಲ್ಲ, ಮೊದಲು ಬಾಯಾರಿಕೆ ಹೇಳಿಕೊಂಡ. ಕೀಳು ಅನ್ನಿಸಿಕೊಂಡವಳ ಮುಂದೆ ಕೈ ಚಾಚಿದ. ನಮ್ಮ ಸೀಮೆಯ ಯಾವ ಬಾವಿಯ ಕಥೆ ಇದು ಅಂತ ನಮ್ಮಮ್ಮನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಿಮಗೆ ಮಾತ್ರ ಅರ್ಥವಾಗಲಿಲ್ಲ, ಯಾಕೆಂದರೆ ನೀವು ಯಾವತ್ತೂ ಬಾವಿಯ ಹೊರಗೆ ನಿಂತವರಲ್ಲ.

ಇನ್ನೊಂದು ಗಾಯ. ಒಂದು ಸಲ ಕ್ಯಾಮೆರಾ ಹಿಡಿದವರು ಬಂದರು. ಅಮ್ಮನನ್ನು ಅಂಗಳದಲ್ಲಿ ನಿಲ್ಲಿಸಿ ಫೋಟೋ ತೆಗೆದರು. ಗೋಡೆಗೆ ನೇತುಹಾಕಿದ್ದ ತಮಟೆಯನ್ನು ಇಳಿಸಿ ಅಪ್ಪನ ಕೈಗೆ ಕೊಟ್ಟು ಅವನದ್ದನ್ನೂ ತೆಗೆದರು. ಅಪ್ಪ ಖುಷಿಯಿಂದ ಮೀಸೆ ತಿರುವಿ ನಿಂತಿದ್ದ. ಕೆಲವು ತಿಂಗಳ ಮೇಲೆ ಆ ಪುಸ್ತಕ ನನ್ನ ಕೈಗೆ ಸಿಕ್ಕಿತು. ಹೊಳೆಯುವ ಕಾಗದ, ಹೊರದೇಶದ ದಾನಿಗಳಿಗೆ ಕಳಿಸುವಂಥದ್ದು. ಅಮ್ಮನ ಚಿತ್ರದ ಕೆಳಗೆ ಕತ್ತಲೆಯಿಂದ ಬಿಡಿಸಲ್ಪಟ್ಟವಳು ಅಂತ. ಅಪ್ಪನ ಚಿತ್ರದ ಕೆಳಗೆ ದೆವ್ವಗಳಿಗಾಗಿ ಡೋಲು ಬಾರಿಸುವವನು ಅಂತ. ನನ್ನ ಇಂಗ್ಲಿಷು ಅಷ್ಟಕ್ಕೆ ಸಾಕಾಗಿತ್ತು. ಅಪ್ಪ ಪುಸ್ತಕ ಕಿತ್ತುಕೊಂಡು, "ಏನ್ ಬರದವ್ರಲಾ ನನ್ ಮ್ಯಾಲೆ?" ಅಂದ. ನಾನು ಹೇಳಲಿಲ್ಲ. ಅದನ್ನು ಗೋಡೆಗೆ ಅಂಟಿಸಿಕೊಂಡ. ಸಾಯುವ ತನಕ ಅದು ಅಲ್ಲೇ ಇತ್ತು.

ಕೂಲಿಯವನ ಮುಖವನ್ನು ಹೀಗೆ ಮಾರಿದ ದುಡ್ಡಿನಲ್ಲಿ ಕಟ್ಟಿದ ಸಭಾಂಗಣದಲ್ಲಿ ಪ್ರೀತಿಯ ವಿಷಯ ಮಾತಾಡುತ್ತೀರಿ. ಒಂದು ಆತ್ಮ, ಎರಡು ಆತ್ಮ, ಈ ವರ್ಷ ಈ ತಾಲ್ಲೂಕಿನಲ್ಲಿ ಇಷ್ಟು ಆತ್ಮ ಎಂದು ಲೆಕ್ಕ ಬರೆಯುತ್ತೀರಿ. ಒಬ್ಬನನ್ನು ಮತಕ್ಕೆ ಸೇರಿಸಿಕೊಳ್ಳಲು ನೆಲ ನೀರು ದಾಟಿ ಅಲೆದು, ಸಿಕ್ಕಿದ ಮೇಲೆ ಅವನನ್ನು ತಮಗಿಂತ ಎರಡು ಪಟ್ಟು ಕೆಡಿಸುವ ಧರ್ಮಗುರುಗಳನ್ನು ಯೇಸು ಉಗಿದಿದ್ದಾನೆ. ಮತ್ತಾಯನ ಇಪ್ಪತ್ತಮೂರನೇ ಅಧ್ಯಾಯ. ಆ ಅಧ್ಯಾಯದ ಮೇಲೆ ನಿಮ್ಮಲ್ಲಿ ಒಬ್ಬರೂ ಪ್ರಸಂಗ ಮಾಡಿದ್ದನ್ನು ನಾನು ಕೇಳಿಲ್ಲ. ಲೂಕನಲ್ಲಿ ಹತ್ತು ಜನ ಕುಷ್ಠರೋಗಿಗಳಿದ್ದಾರೆ. ಹತ್ತೂ ಜನಕ್ಕೆ ವಾಸಿಯಾಯಿತು. ಹಿಂತಿರುಗಿ ಬಂದು ಕಾಲಿಗೆ ಬಿದ್ದವನು ಒಬ್ಬನೇ, ಅವನೂ ಸಮಾರ್ಯದವನು. ಒಂಬತ್ತು ಜನ ಎಲ್ಲಿ ಅಂತ ಯೇಸು ಕೇಳಿದ, ನೊಂದುಕೊಂಡೇ ಕೇಳಿದ. ಆದರೆ ಆ ಒಂಬತ್ತು ಜನರ ಮೈಗೆ ಕುಷ್ಠವನ್ನು ವಾಪಸ್ ಕಳಿಸಲಿಲ್ಲ. ನಂಬದವನ ಮೇಲಿನ ಕರುಣೆ ಅಂದರೆ ನನಗೆ ಇದೊಂದೇ ಗೊತ್ತು: ಅವನು ಕಡೆಗೂ ನಂಬದೇ ಹೋದರೂ ಅವನಿಗೆ ಕೊಟ್ಟಿದ್ದನ್ನು ಕಿತ್ತುಕೊಳ್ಳದಿರುವುದು.

ನೀವು ಕಿತ್ತುಕೊಂಡಿರಿ. ನನ್ನಪ್ಪನ ಹೆಣದ ಮುಂದೆ ನಿಂತು ಕಿತ್ತುಕೊಂಡಿರಿ.

ಅಡಿಕೆ ಕೊಯ್ಲಿನ ಕಾಲ. ನಸುಕಿನಲ್ಲಿ ಅಪ್ಪ ಹೋದ. ನಮ್ಮ ಕೇರಿಯವರನ್ನು ಹೂಳುತ್ತಿದ್ದ ಜಾಗ ಕೆರೆಯ ಕೋಡಿಯ ಪಕ್ಕದಲ್ಲಿತ್ತು. ಬೋರ್‌ವೆಲ್ ಬಂತು, ಅಡಿಕೆಗೆ ರೇಟು ಬಂತು, ವರ್ಷಕ್ಕೊಂದು ಸಾಲು ಗಿಡ ನೆಟ್ಟು ನೆಟ್ಟು ಆ ಜಾಗ ಒಬ್ಬರ ತೋಟವಾಗಿತ್ತು. ತಂತಿ ಬೇಲಿ ಬಂದಿತ್ತು. ಆದರೂ ಒಂದು ಮೂಲೆಯಲ್ಲಿ ಹೂಳಲು ಬಿಡುತ್ತಿದ್ದರು. ಅವತ್ತು ಬಿಡಲಿಲ್ಲ. "ಹೆಂಡ್ತಿ ಕಿರಸ್ತಾನದೋಳು, ಅವ್ರ ಗೋರಿ ಜಾಗ ಐತಲ್ಲ ಪ್ಯಾಟೇಲಿ, ಅಲ್ಲಿಗೇ ಒಯ್ರಿ" ಅಂದರು. ಅದೇ ಬಾಯಲ್ಲಿ ಇಷ್ಟು ವರ್ಷ ಅವರ ಮನೆ ಹಬ್ಬಕ್ಕೆ, ಅವರ ಮನೆ ಸಾವಿಗೆ ಅಪ್ಪನನ್ನು ತಮಟೆಗೆ ಕರೆದಿದ್ದರು. ಅವರ ಅಪ್ಪ ಸತ್ತಾಗ ಸ್ಮಶಾನದ ತನಕ ಬಡಿದುಕೊಂಡು ಹೋದವನು ನನ್ನಪ್ಪ.

ಪೇಟೆಗೆ ಹೋದೆ. ಸಭೆಯ ಹಿರಿಯರು ಪುಸ್ತಕ ತೆಗೆದು ನೋಡಿದರು. ತೀರಿಹೋದವನಿಗೆ ದೀಕ್ಷಾಸ್ನಾನ ಆಗಿಲ್ಲ, ನಮ್ಮ ಸಮಾಧಿ ಜಾಗದಲ್ಲಿ ಆಗುವುದಿಲ್ಲ ಅಂದರು. ಮನೆಗೆ ಬಂದು ಅಮ್ಮನಿಗಾದರೂ ಒಂದು ಮಾತು ಹೇಳಿ ಅಂತ ದೇವಸೇವಕರನ್ನು ಬೇಡಿಕೊಂಡೆ. ಅವರು ಹೇಳಿದ್ದು ಇಷ್ಟು: ಎಷ್ಟು ಸಲ ಸುವಾರ್ತೆ ಹೇಳಿದೆವು, ಹೃದಯ ಕಠಿಣ ಮಾಡಿಕೊಂಡ, ನರಕಕ್ಕೆ ಹೋದ ಆತ್ಮಕ್ಕೆ ಪ್ರಾರ್ಥನೆ ಇಲ್ಲ.

ಬೇಲಿಯ ಆಚೆಗಿನವರು ಅವನನ್ನು ಕ್ರೈಸ್ತ ಅಂದರು. ಶಿಲುಬೆಯ ಕೆಳಗಿನವರು ಅನ್ಯ ಅಂದರು. ನೊಣ ಮುತ್ತುತ್ತಿದ್ದ ಹೆಣ ಸಂಜೆಯ ತನಕ ಅಂಗಳದಲ್ಲಿ ಬಿದ್ದಿತ್ತು.

ಸುದ್ದಿ ಹೇಗೆ ಮುಟ್ಟಿತೋ, ನಾಲ್ಕು ಗಂಟೆಯ ಬಸ್ಸಿಗೆ ಪಾಸ್ಟರಮ್ಮ ಇಳಿದರು. ಮುದುಕಿಯಾಗಿದ್ದರು, ಮಂಡಿ ಊದಿತ್ತು. ಅಮ್ಮನ ಪಕ್ಕ ನೆಲದ ಮೇಲೆ ಕೂತರು. ಆಮೇಲೆ ನಮ್ಮ ಚಿಕ್ಕಪ್ಪನನ್ನು ಕರೆದರು; ಚಿಕ್ಕಪ್ಪ ಮಾರಮ್ಮನ ಪೂಜಾರಿ. "ಅವ್ನು ಹೆಂಗೆ ಬಾಳಿದ್ನೋ ಹಂಗೇ ಕಳ್ಸಿ ಕೊಡಿ ಕಣಪ್ಪಾ. ತಮಟೆ ತರ್ಸು. ನಿಮ್ಮ ಪದ್ಧತಿ ಏನೈತೋ ಎಲ್ಲಾ ಆಗ್ಲಿ" ಅಂದರು. ಕತ್ತಲಾಗುವ ಹೊತ್ತಿಗೆ ಬತ್ತಿದ ಕೆರೆಯ ಅಂಗಳದಲ್ಲಿ ಗುಂಡಿ ತೋಡಿದೆವು. ಚಿಕ್ಕಪ್ಪ ವಿಭೂತಿ ಹಚ್ಚಿದ, ದೊಡ್ಡಮ್ಮ ಬಾಯಿಗೆ ಅಕ್ಕಿ ಹಾಕಿದಳು. ಎಲ್ಲ ಮುಗಿದ ಮೇಲೆ ಪಾಸ್ಟರಮ್ಮ ಚಿಕ್ಕಪ್ಪನನ್ನು ಕೇಳಿದರು: "ನಾನೊಂದ್ ಪ್ರಾರ್ಥನೆ ಮಾಡ್ಲಾ? ನಿಮಗೆ ಬ್ಯಾಡ ಅನ್ಸಿದ್ರೆ ಬ್ಯಾಡ."

ಕೇಳಿದರು. ಕೇಳಿದರು ನೋಡಿ! ಮೂರೂ ತಾಲ್ಲೂಕಿನ ಮೈಕುಗಳನ್ನು ಸೇರಿಸಿ ಇಷ್ಟು ವರ್ಷ ನೀವು ಕೂಗಿದ್ದರಲ್ಲಿ ಇಲ್ಲದ ಸುವಾರ್ತೆ ಆ ಒಂದು ಪ್ರಶ್ನೆಯಲ್ಲಿತ್ತು. ಚಿಕ್ಕಪ್ಪ ಅಳುತ್ತಾ ತಲೆಯಾಡಿಸಿದ.

ಈಗ ಹೊರಗೆ ನಿಂತ ಹುಡುಗರೇ, ನಿಮ್ಮ ಸರದಿ. ನಾನು ನಮ್ಮವರನ್ನು ಬೈದಿದ್ದನ್ನು ಕತ್ತರಿಸಿ ನಿಮ್ಮ ಗುಂಪುಗಳಲ್ಲಿ ಹಂಚಿಕೊಳ್ಳಲು ಬೆರಳು ತುರಿಸುತ್ತಿರಬಹುದು. ತಡೆಯಿರಿ. ಅಪ್ಪನ ಹೆಣಕ್ಕೆ ಮೊದಲು ಬೇಲಿ ಹಾಕಿದವರು ನಿಮ್ಮ ಕಡೆಯವರು.

2021ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ವಿಧಾನಸಭೆ ಮತಾಂತರ ನಿಷೇಧ ಮಸೂದೆಗೆ ಒಪ್ಪಿಗೆ ಕೊಟ್ಟಿತು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ಕಾಯ್ದೆ. ಅದರಲ್ಲಿ ಆಮಿಷ ಅಂದರೆ ಏನು ಎನ್ನುವ ಪಟ್ಟಿಯನ್ನು ಓದಿ. ಉಡುಗೊರೆ, ದುಡ್ಡು ಇರಲಿ. ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಓದು ಆಮಿಷ. ಕೆಲಸ ಆಮಿಷ. ಇದಕ್ಕಿಂತ ಒಳ್ಳೆಯ ಬದುಕು ಸಿಗುತ್ತದೆ ಅನ್ನುವುದೇ ಆಮಿಷ. ನಮ್ಮಮ್ಮನ ಉಗುಳಿನ ಚಿಪ್ಪು ಎತ್ತಿದ ಆ ಹೆಂಗಸು ಈ ಕಾನೂನಿನ ಕಣ್ಣಿನಲ್ಲಿ ಅನುಮಾನದ ಆರೋಪಿ, ಮತ್ತು ತಪ್ಪು ಮಾಡಿಲ್ಲ ಅಂತ ಸಾಬೀತು ಮಾಡುವ ಹೊರೆಯೂ ಆಕೆಯದೇ. ದೂರು ಕೊಡಲು ಅಮ್ಮನೇ ಬೇಕಿಲ್ಲ. ನೆಂಟ ಕೊಡಬಹುದು, ಜೊತೆಗೆ ಕೆಲಸ ಮಾಡುವವನು ಕೊಡಬಹುದು. ಮತ ಬದಲಿಸುವವನು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ನಮೂನೆ ತುಂಬಿ ಕೊಡಬೇಕು, ಅದು ನೋಟಿಸ್ ಬೋರ್ಡಿಗೆ ಹೋಗಬೇಕು, ಆಕ್ಷೇಪಣೆ ಕರೆಯಬೇಕು. ಕೂಲಿಯವಳ ಎದೆಯೊಳಗಿನ ದೇವರನ್ನು ತಾಲ್ಲೂಕು ಕಚೇರಿಯ ಗೋಡೆಗೆ ಮೊಳೆ ಹೊಡೆದು ನೇತುಹಾಕುವ ಕಾನೂನು. ಸಾಮಾನ್ಯ ಶಿಕ್ಷೆ 3ರಿಂದ 5 ವರ್ಷ. ಆದರೆ ಮತ ಬದಲಿಸಿದವರು ಹೆಂಗಸು, ಅಪ್ರಾಪ್ತರು ಅಥವಾ ಪರಿಶಿಷ್ಟ ಜಾತಿ, ಪಂಗಡದವರಾದರೆ 3ರಿಂದ 10 ವರ್ಷ. ಯಾಕೆ? ಬುದ್ಧಿ ಸ್ವಾಧೀನದಲ್ಲಿ ಇಲ್ಲದವರ ಹೆಸರೂ ಅದೇ ಸಾಲಿನಲ್ಲಿದೆ. ನಮ್ಮಮ್ಮನಿಗೆ, ನನಗೆ ಸ್ವಂತ ಬುದ್ಧಿ ಇಲ್ಲ ಅಂತ ಶಾಸನಸಭೆ ಬರೆದುಕೊಟ್ಟಿದೆ. ಹಿಂದಿನ ಧರ್ಮಕ್ಕೇ ಮರಳಿದರೆ ಮಾತ್ರ ಅದು ಮತಾಂತರವೇ ಅಲ್ಲ. ಹೋಗುವ ಬಾಗಿಲಿಗೆ ಪೊಲೀಸು, ಬರುವ ಬಾಗಿಲಿಗೆ ಹೂವಿನ ಹಾರ.

2023ರ ಜೂನ್ 15ರಂದು ಹೊಸ ಸರ್ಕಾರದ ಸಂಪುಟ ಈ ಕಾಯ್ದೆಯನ್ನು ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು. ಸಂಪುಟದ ತೀರ್ಮಾನಕ್ಕೆ ನಮ್ಮ ಕೇರಿಯ ಭಾನುವಾರಗಳು ಬದಲಾಗಲಿಲ್ಲ. ಮೊಬೈಲು ಹಿಡಿದವರು ಈಗಲೂ ಬರುತ್ತಾರೆ. ಠಾಣೆಗೆ ಕರೆಸಿಕೊಳ್ಳುವುದು ಈಗಲೂ ಪ್ರಾರ್ಥನೆ ಮಾಡಿದವರನ್ನೇ.

ಅಜ್ಜಂಪುರದ ಗಡಿ ದಾಟಿದರೆ ಹೊಸದುರ್ಗ. 2021ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಅಂದಿನ ಶಾಸಕ ಗೂಳಿಹಟ್ಟಿ ಶೇಖರ್ ತಮ್ಮ ತಾಯಿಯನ್ನೇ ಮತಾಂತರ ಮಾಡಿದ್ದಾರೆ ಅಂತ ವಿಧಾನಸಭೆಯಲ್ಲಿ ಹೇಳಿದರು. ಸದನ ಕುದಿಯಿತು. ಆಮೇಲೆ ಆ ತಾಲ್ಲೂಕಿನ ತಹಸೀಲ್ದಾರರು ಮನೆಮನೆಗೆ ಹೋಗಿ ವಿಚಾರಿಸಿ, ತಾವು ನೋಡಿದ ಕುಟುಂಬಗಳಲ್ಲಿ ಬಲವಂತದ ಮತಾಂತರ ಕಂಡಿಲ್ಲ ಅಂತ ವರದಿ ಕೊಟ್ಟರು. ಡಿಸೆಂಬರ್‌ನಲ್ಲಿ ಅವರ ವರ್ಗಾವಣೆಯಾಯಿತು. ಜನ ಹೇಳಿದ್ದನ್ನು ಬರೆದುಕೊಂಡ ಅಧಿಕಾರಿ ಊರು ಬಿಟ್ಟರು. ಜನರನ್ನು ಕೇಳದೆ ಬರೆದ ಮಸೂದೆ ಅದೇ ತಿಂಗಳು ಸಭೆಯಲ್ಲಿ ಪಾಸಾಯಿತು.

ಹೊಟ್ಟೆಗೆ ಹಾಕಿ ಮತಕ್ಕೆ ಎಳೆದರು ಅನ್ನುತ್ತೀರಿ. ಧಾತು, ಈಶ್ವರ ಸಂವತ್ಸರಗಳ ಬರದ ಲೆಕ್ಕ ನೋಡಿ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಹತ್ತಿರ ಕುಸಿದಿತ್ತು. ನಮ್ಮ ಕಡೂರು ಆಗ ಜಿಲ್ಲೆಯ ಹೆಸರು. 1876, 77, 78, ದಾರಿಯಲ್ಲಿ ಹೆಣ. ಮಿಷನ್‌ನವರು ತುಮಕೂರು, ಹಾಸನದಲ್ಲಿ ಅನಾಥ ಮಕ್ಕಳನ್ನು ಎತ್ತಿಕೊಂಡು ಸಾಕಿದರು. ಆ ಮಕ್ಕಳಿಗೆ ಗಂಜಿಯ ಜೊತೆ ಮತವನ್ನೂ ಕೊಟ್ಟಿದ್ದು ಸರಿಯೇ ಅಂತ ಕೇಳಿ, ಕೇಳಬೇಕಾದ ಪ್ರಶ್ನೆಯೇ, ನಾನೂ ಕೇಳುತ್ತೇನೆ. ಆದರೆ ಆ ಪ್ರಶ್ನೆ ಕೇಳುವ ಹಕ್ಕು ಬರುವುದು, ಮಕ್ಕಳು ಸಾಯುತ್ತಿದ್ದಾಗ ಊರಿನ ಕಣಜಗಳು ಯಾರಿಗೆ ತೆರೆದಿದ್ದವು ಎನ್ನುವುದಕ್ಕೆ ಮೊದಲು ಉತ್ತರ ಕೊಟ್ಟವರಿಗೆ.

ಅದೇ ದಶಕದ ಬರದಲ್ಲಿ ಹಸಿವಿನಿಂದ ಅಪ್ಪ ಅಮ್ಮನನ್ನು ಕಳೆದುಕೊಂಡ ಒಬ್ಬ ಹುಡುಗಿ ಇದ್ದಳು. ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರಲ್ಲಿ, ಗಂಗಾಮೂಲದ ಕಾಡಿನಲ್ಲಿ. ತರೀಕೆರೆಯ ತೋಟಗಳಿಗೆ ನೀರು ಕೊಡುವ ಭದ್ರೆ ಹುಟ್ಟುವ ಜಾಗ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ವಿರೋಧ ಕಟ್ಟಿಕೊಂಡು ಕಾಡು ಸೇರಿದ್ದ ಅನಂತಶಾಸ್ತ್ರಿ ಡೋಂಗ್ರೆಯ ಮಗಳು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಳಾದಳು. ಆದದ್ದೇ ತಡ, ಅಲ್ಲಿನ ಗುರುಗಳು ನಾವು ಹೇಳಿದಷ್ಟನ್ನು ನಂಬು ಅಂದರು. ನನ್ನ ಅಂತಃಸಾಕ್ಷಿಯನ್ನು ಒಂದು ಪುರೋಹಿತಶಾಹಿಯಿಂದ ಬಿಡಿಸಿಕೊಂಡು ಇನ್ನೊಂದಕ್ಕೆ ಒಪ್ಪಿಸಲು ಬಂದಿಲ್ಲ ಎನ್ನುವ ಅರ್ಥದಲ್ಲಿ ಜಗಳವಾಡಿದಳು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಾಗ, ಅಲ್ಲಿನ ಹುಡುಗಿಯರು ತಮ್ಮ ಪೂಜೆ, ಮಡಿ, ವ್ರತ ಎಲ್ಲ ಇಟ್ಟುಕೊಳ್ಳಬಹುದಿತ್ತು. ತಾನು ಪ್ರಾರ್ಥನೆ ಮಾಡುವ ಕೋಣೆಯ ಬಾಗಿಲನ್ನು ಮಾತ್ರ ರಮಾಬಾಯಿ ಮುಚ್ಚಲಿಲ್ಲ. ಬನ್ನಿ ಅಂತ ಕರೆಯಲಿಲ್ಲ, ಬರಬೇಡಿ ಅಂತ ತಳ್ಳಲೂ ಇಲ್ಲ. ಅಷ್ಟಕ್ಕೆ ತಿಲಕರ ಕೇಸರಿ ಪತ್ರಿಕೆ ಹರಿಹಾಯ್ದಿತು. 1893ರಲ್ಲಿ ಸಲಹಾ ಸಮಿತಿಯವರು ರಾಜೀನಾಮೆ ಕೊಟ್ಟರು, ಹಲವರು ತಮ್ಮ ಹುಡುಗಿಯರನ್ನು ಎಳೆದುಕೊಂಡು ಹೋದರು. ತಲೆ ಬೋಳಿಸಿ ಮೂಲೆಗೆ ಕೂರಿಸುವಾಗ ಆ ಹುಡುಗಿಯರ ನೆನಪಿಲ್ಲದವರಿಗೆ, ಒಂದು ತೆರೆದ ಬಾಗಿಲಿನಿಂದ ಧರ್ಮದ ನೆನಪು ಬಂತು. ಆಕೆ ಬಾಗಿಲು ಮುಚ್ಚಲಿಲ್ಲ.

ಹಾಗಾಗಿ, ನಂಬಿಕೆಯನ್ನು ಹಂಚಿಕೊಳ್ಳಬೇಡಿ ಅಂತ ನಾನು ಹೇಳುತ್ತಿಲ್ಲ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಸಾರ ಮಾಡುವ ಹಕ್ಕು ಕೊಟ್ಟಿದೆ. ಇನ್ನೊಬ್ಬನನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಸೇರಿಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ವಕೀಲರು ಅದರ ಮೇಲೆ ವಾದ ಮಾಡಲಿ. ನನಗೆ ಬೇಕಾದದ್ದು ಬೇರೆ. ಬದಲಾಗುವವಳು ನಮ್ಮಮ್ಮ. ಬದಲಾಗುವ ಹಕ್ಕು ಅವಳದ್ದು, ಬದಲಾಗದೇ ಇರುವ ಹಕ್ಕು ನನ್ನಪ್ಪನದ್ದು. ಈ ಎರಡನ್ನೂ ಒಂದೇ ಮನೆಯಲ್ಲಿ ಗೌರವಿಸಲು ಪಾಸ್ಟರಮ್ಮನಿಗೆ ಯಾವ ಕಾನೂನೂ ಬೇಕಾಗಲಿಲ್ಲ.

ಬದಲಾದವಳಿಗೆ ಸಿಕ್ಕಿದ್ದೇನು, ಅದನ್ನೂ ಕೇಳಿ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅನ್ನಿಸಿಕೊಳ್ಳಲು ಹಿಂದೂ ಆಗಿರಬೇಕಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತನಾದ ದಲಿತ ಇವತ್ತಿಗೂ ಹೊರಗೆ. ರಾಜ್ಯದಲ್ಲಿ ಅವನಿಗೆ ಹಿಂದುಳಿದ ವರ್ಗಗಳ ಪ್ರವರ್ಗ-1. ಗೇರುಮರಡಿಯಲ್ಲಿ ಹೊಡೆತ ತಿಂದ ಹುಡುಗನ ಜೇಬಿನಲ್ಲಿ ಶಿಲುಬೆ ಇದ್ದಿದ್ದರೆ ಹೊಡೆಯುವ ಕೈ ನಿಲ್ಲುತ್ತಿತ್ತೇ? ಏಟು ಹಳೆಯ ಜಾತಿಗೇ ಬೀಳುತ್ತದೆ, ಸವಲತ್ತು ಮಾತ್ರ ಹೊಸ ಧರ್ಮ ನೋಡಿ ಹಿಂದಕ್ಕೆ ಹೋಗುತ್ತದೆ. ಆಮಿಷ ಅಂದಿರಲ್ಲ, ನಿಮ್ಮ ಕಾನೂನಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ: ಹಿಂದೂ ಆಗಿ ಉಳಿಯಲು ನಮಗೆ ಆಮಿಷ ಒಡ್ಡುತ್ತಿರುವುದು ಸರ್ಕಾರ.

ಚರ್ಚಿನೊಳಗೆ ಜಾತಿ ಸತ್ತಿತೇ? ಕಾಫಿ ತೋಟದ ಒಡೆಯನೂ ಕ್ರೈಸ್ತ, ಲೈನು ಮನೆಯ ಆಳೂ ಕ್ರೈಸ್ತ. ಭಾನುವಾರ ಒಂದೇ ರೊಟ್ಟಿ ಮುರಿದು ತಿನ್ನುತ್ತಾರೆ. ಮುಂದಿನ ಬೆಂಚು ಯಾರದು, ಹಿಂದಿನ ಬೆಂಚು ಯಾರದು ಅಂತ ಯಾರೂ ಬೋರ್ಡು ಹಾಕಿಲ್ಲ, ಎಲ್ಲರಿಗೂ ಗೊತ್ತು. ನನ್ನ ತಂಗಿಗೆ ಗಂಡು ನೋಡಲು ಹೋದಾಗ ಹುಡುಗನ ತಂದೆ ಬೈಬಲ್ಲನ್ನು ಮೇಜಿನ ಮೇಲಿಟ್ಟು ಕೇಳಿದ ಮೊದಲ ಪ್ರಶ್ನೆ, "ಮೊದಲು ನೀವು ಏನಾಗಿದ್ರಿ?" ತಂಗಿ ಒಳಗಿನಿಂದ ಕೇಳಿಸಿಕೊಂಡಳು. ಅವಳಿಗೆ ಇನ್ನೂ ಮದುವೆಯಾಗಿಲ್ಲ. ಇನ್ನು ಮುಂದೆ ಗಂಡು ನೋಡಬೇಡಿ ಅಂದಿದ್ದಾಳೆ.

ಹೋದ ವರ್ಷ ಪಾಸ್ಟರಮ್ಮನೂ ತೀರಿಕೊಂಡರು. ಆಕೆಯ ಮಣ್ಣಿಗೆ ನಮ್ಮ ಕೇರಿಯಿಂದ ಒಂದು ಟೆಂಪೋ ಜನ ಹೋದೆವು. ಚಿಕ್ಕಪ್ಪ ತಮಟೆ ತೆಗೆದುಕೊಂಡು ಹೊರಟ. ಚರ್ಚಿನ ಗೇಟಿನಲ್ಲಿ ತಡೆದರು: ಅದು ವಿಗ್ರಹಾರಾಧನೆಯ ವಾದ್ಯ, ಒಳಗೆ ಬೇಡ. ಚಿಕ್ಕಪ್ಪ ರಸ್ತೆಯಲ್ಲೇ ನಿಂತು ಬಡಿದ. ಪ್ರಸಂಗ ಮಾಡುತ್ತಿದ್ದವರ ಮಾತು ಒಂದಕ್ಷರ ಯಾರಿಗೂ ಕೇಳಿಸದ ಹಾಗೆ ಬಡಿದ. ಸರಿಯಾಗಿಯೇ ಮಾಡಿದ.

ಅಲ್ಲಿಂದ ಬಂದ ಮೇಲೆ ನಾವು ಒಂದು ಅರ್ಜಿ ಬರೆದೆವು. ಪ್ರತಿ ಹಳ್ಳಿಯಲ್ಲೂ ಸ್ಮಶಾನಕ್ಕೆ ಜಾಗ ಕೊಡಿ ಅಂತ ಹೈಕೋರ್ಟ್ 2019ರಲ್ಲೇ ಸರ್ಕಾರಕ್ಕೆ ಹೇಳಿದೆ. ನಮ್ಮ ಕೇರಿಗೆ ಒಂದು ಎಕರೆ ಕೊಡಿ ಅಂತ ಕೇಳಿದ್ದೇವೆ. ಮಾರಮ್ಮನವರಿಗೆ ಬೇರೆ, ಯೇಸಪ್ಪನವರಿಗೆ ಬೇರೆ ಅಂತ ಗೆರೆ ಎಳೆಯದ ಒಂದೇ ಜಾಗ. ಮೊದಲ ಸಹಿ ಅಮ್ಮನ ಹೆಬ್ಬೆಟ್ಟು, ಎರಡನೆಯದು ದೊಡ್ಡಮ್ಮನದು, ಮೂರನೆಯದು ಚಿಕ್ಕಪ್ಪನದು. ಕೇರಿಯ ಎಲ್ಲ ಮನೆಯವರೂ ಹಾಕಿದರು. ಅನ್ಯರ ಗೋರಿಯ ಪಕ್ಕ ವಿಶ್ವಾಸಿಗಳು ಮಲಗುವುದು ಸರಿಯಲ್ಲ ಅಂತ ದೇವಸೇವಕರು ಹಾಕಲಿಲ್ಲ. ಕ್ರೈಸ್ತರ ಹೆಸರು ತೆಗೆದರೆ ಹಾಕುತ್ತೇನೆ ಅಂತ ಪಂಚಾಯಿತಿಯ ಸದಸ್ಯರು ಹಾಕಲಿಲ್ಲ. ಅವರಿಬ್ಬರ ಹೆಸರಿಲ್ಲದೆಯೇ ಅರ್ಜಿಯನ್ನು ತಾಲ್ಲೂಕು ಕಚೇರಿಗೆ ಕೊಟ್ಟು ಬಂದಿದ್ದೇವೆ. ಅಮ್ಮನಿಗೆ ಮತ್ತೆ ಕೆಮ್ಮು ಶುರುವಾಗಿದೆ. ಅವಳನ್ನು ಎಲ್ಲಿ ಹೂಳಬೇಕು ಅಂತ ಈಗಲೇ ಹೇಳಿ.